ಬುಡಬುಡಿಕಿ ಮತ್ತು ಹಾಲಗಾಳು

ಯಂತ್ರದ ಸರಕಾರಿ ಹೆಸರು ಫಲದರ್ಶಿ. ಆದರೆ ಡೋಣಿ ಹೊಳೆಯ ಸೀಮೆಯಲ್ಲಿ ಆ ಹೆಸರು ಹಿಡಿದು ಅದನ್ನು ಕರೆದವರು ಯಾರೂ ಇರಲಿಲ್ಲ. ಬೆಳಗಾಗುತ್ತಲೇ ಬಾಗಿಲಿಗೆ ಬಂದು, ಡಮರು ಆಡಿಸಿ, ಕೇಳಲಿ ಬಿಡಲಿ ಮನೆಯ ಭವಿಷ್ಯ ಹೇಳಿ ಹೋಗುವವನ ಹೆಸರೇ ಅದಕ್ಕೂ ಅಂಟಿತ್ತು: ಬುಡಬುಡಿಕಿ. ಹಳೆಯ ಬುಡಬುಡಿಕಿಯ ಮಾತು ಸುಳ್ಳಾದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಈ ಹೊಸ ಬುಡಬುಡಿಕಿಯ ಮಾತು ಸುಳ್ಳಾದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಅದು ಮಾಡುತ್ತಿದ್ದ ಕೆಲಸ ಹೇಳುವುದಕ್ಕೆ ಸರಳ. ಬೀಜದ ಮೊಳಕೆಯ ಒಂದು ಚೂರು ಕೊಟ್ಟರೆ ಅದರ ವಂಶವಾಹಿಗಳನ್ನೆಲ್ಲ ಓದಿಕೊಳ್ಳುತ್ತಿತ್ತು. ಹೊಲ ಯಾವುದೆಂದು ಹೇಳಿದರೆ ಅಲ್ಲಿಯ ಮಣ್ಣು, ಇಬ್ಬನಿ, ಗಾಳಿ, ರಾತ್ರಿಯ ಥಂಡಿ, ನೆಲದ ಇಳಿಜಾರು, ರಸ್ತೆ ಎಷ್ಟು ದೂರ ಎಂಬುದನ್ನೆಲ್ಲ ತಾನೇ ಎಳೆದುಕೊಳ್ಳುತ್ತಿತ್ತು. ರಸ್ತೆ ಯಾಕೆಂದರೆ ಎಲೆಯ ಮೇಲೆ ಕೂರುವ ಧೂಳಿನ ಅಂದಾಜಿಗೆ. ಹಿಂದಿನ ಮೂವತ್ತು ವರ್ಷಗಳಲ್ಲಿ ಸಂಶೋಧನಾ ಕೇಂದ್ರದ ತಾಕುಗಳಲ್ಲಿ, ರೈತರ ಹೊಲಗಳಲ್ಲಿ ಯಾವ ಬೀಜ ಎಷ್ಟು ಬೆಳೆಯಿತು ಎಂಬ ತೂಕಗಳನ್ನು ಅದಕ್ಕೆ ಉಣಿಸಿದ್ದರು. ಅದನ್ನೆಲ್ಲ ಅರಗಿಸಿಕೊಂಡು, ಈ ಬೀಜ ಈ ಹೊಲದಲ್ಲಿ ಎಷ್ಟು ಎತ್ತರ ಹೋಗುತ್ತದೆ, ಯಾವಾಗ ತೆನೆ ಹಾಯುತ್ತದೆ, ಎಷ್ಟು ಕಾಳು ಚೀಲಕ್ಕೆ ಬರುತ್ತದೆ ಎಂದು ಬಿತ್ತುವ ಮೊದಲೇ ಹೇಳಿಬಿಡುತ್ತಿತ್ತು.

ಬೀಜ ಹಂಚುವುದೂ ಈಗ ಅದರ ಮಾತಿನ ಮೇಲೆಯೇ. ಯಾವ ತಳಿಗೆ ಮೂರು ವರ್ಷ ಸತತವಾಗಿ ಕೆಳಗಿನ ಅಂಕ ಬೀಳುತ್ತದೋ ಆ ತಳಿಯ ಬೀಜ ಬೆಳೆಸುವುದನ್ನು ನಿಲ್ಲಿಸುತ್ತಿದ್ದರು. ಒಂದು ಹಿಡಿ ಶೀತಗೃಹದ ಡಬ್ಬಿಗೆ ಸೇರುತ್ತಿತ್ತು, ಉಳಿದದ್ದು ಕೋಳಿಗಳಿಗೆ.

ಹಾಲಗಾಳು ಎಂಬ ಹಿಂಗಾರಿ ಜೋಳಕ್ಕೆ ಎರಡು ವರ್ಷ ಕೆಳಗಿನ ಅಂಕ ಬಿದ್ದಾಗಿತ್ತು. ಅದನ್ನು ಹುಟ್ಟಿಸಿದವಳು ಮಹಾನಂದಾ ಉಪ್ಪಿನ. ತನ್ನ ಪ್ರಾಯದ ಒಳ್ಳೆಯ ವರ್ಷಗಳನ್ನೆಲ್ಲ ತೆನೆಗೆ ಕಾಗದದ ಚೀಲ ಕಟ್ಟುವುದರಲ್ಲೇ ಕಳೆದು ಆ ತಳಿಯನ್ನು ಮಾಡಿದ್ದಳು. ಬುಡಬುಡಿಕಿಗೆ ಮೂವತ್ತು ವರ್ಷಗಳ ತೂಕ ಉಣಿಸಿದವರಲ್ಲೂ ಅವಳೇ ಮುಂದಾಳು. ಹೀಗಾಗಿ ಈಗ ಅವಳ ಸ್ಥಿತಿ ಇಬ್ಬರು ಮಕ್ಕಳ ಜಗಳದಲ್ಲಿ ಸಿಕ್ಕ ತಾಯಿಯದಾಗಿತ್ತು. ಯಾರ ಪರ ವಹಿಸಿದರೂ ತಪ್ಪು.

“ಮೇಡಂ, ಮತ್ತ ಅದನ್ನ ಹೇಳಾಕತ್ತೈತ್ರಿ,” ಎಂದಳು ಫರ್ಜಾನಾ ಇನಾಮದಾರ. ಕೇಂದ್ರದಲ್ಲಿ ಯಂತ್ರವನ್ನು ನೋಡಿಕೊಳ್ಳುವ ಹುಡುಗಿ ಅವಳು. ಪರದೆಯನ್ನು ಮಹಾನಂದಾಳ ಕಡೆ ತಿರುಗಿಸಿದಳು. “ಹಾಲಗಾಳು ಈ ವರ್ಷಾನೂ ನಾಕರಾಗ ಒಂದು ಪಾಲು ಕಡಿಮಿ ಬರತೈತಂತ.”

“ಯಾಕಂತ ಕೇಳಿದೇನು?”

“ಕೇಳಿದ್ನಿರಿ. ಮೂರು ಕಾರಣ ಕೊಡತೈತಿ. ಮೂರೂ ನನಗಂತೂ ತಿಳಿಯವಲ್ಲವು.”

ಮೊದಲನೆಯ ಕಾರಣ, ಏಳನೆಯ ವರ್ಣತಂತುವಿನ ಒಂದು ತುಣುಕು. ಎರಡನೆಯದು, ಥಂಡಿ ರಾತ್ರಿ. ಮೂರನೆಯದು, ರಸ್ತೆ ಹತ್ತಿರ ಇರುವುದು. ಮೂರೂ ಒಟ್ಟಿಗೆ ಇದ್ದರೆ ಇಳುವರಿ ಕುಸಿಯುತ್ತದೆ, ಒಂದೊಂದೇ ಇದ್ದರೆ ಅಷ್ಟೇನೂ ಇಲ್ಲ.

ಮಹಾನಂದಾ ಕುರ್ಚಿ ಎಳೆದುಕೊಂಡು ಕೂತಳು. ಆ ತುಣುಕು ಯಾವುದೆಂದು ಅವಳಿಗೆ ಗೊತ್ತಿರದೇ ಏನು. ಎಳೆಗಾಳಿನಲ್ಲಿ ಸಕ್ಕರೆ ತುಂಬುವ ವಂಶವಾಹಿಗಳು ಇರುವ ಜಾಗ ಅದು. ಹಾಲಗಾಳಿಗೆ ಆ ಹೆಸರು ಬಂದದ್ದೇ ಅದರಿಂದ. ಆದರೆ ಕಾಳು ಬಲಿಯುವಾಗ ಆ ಸಕ್ಕರೆಯೆಲ್ಲ ಹಿಟ್ಟಾಗಿ ಹೋಗುತ್ತದೆ, ತೂಕ ಇಳಿಸುವ ಪ್ರಶ್ನೆಯೇ ಇಲ್ಲ. ಥಂಡಿಯಂತೂ ಹಿಂಗಾರಿ ಜೋಳಕ್ಕೆ ಮಳೆಯಿದ್ದ ಹಾಗೆ. ಇನ್ನು ರಸ್ತೆ. ಸಿಹಿಗೂ ಥಂಡಿಗೂ ರಸ್ತೆಗೂ ಏನು ನಂಟು?

“ಧೂಳು ಇರಬೇಕೇನ್ರಿ?” ಎಂದಳು ಫರ್ಜಾನಾ.

“ಧೂಳಿದ್ರ ಎಲ್ಲಾ ತಳಿಗೂ ಬೀಳತೈತಿ. ಇದೊಂದಕ್ಕ ಯಾಕ?”

ಹಿಂದಿನ ಎರಡು ವರ್ಷ ಅವಳು ಸುಮ್ಮನೆ ಕೂತಿರಲಿಲ್ಲ. ಸಿಹಿ ಕಾಳೆಂದು ಹಕ್ಕಿ ತಿನ್ನುತ್ತಿರಬಹುದು ಎಂದು ತಾಕಿನ ಮೇಲೆ ಬಲೆ ಹೊದಿಸಿದಳು. ಇಳುವರಿ ಅಷ್ಟೇ ಬಂತು. ಥಂಡಿಗೆ ಇಬ್ಬನಿ ಹೆಚ್ಚಿ ಬೂಷ್ಟು ಹಿಡಿಯುತ್ತಿರಬಹುದು ಎಂದು ತೆನೆ ತೆನೆಯನ್ನೂ ಕನ್ನಡಕ ಹಾಕಿಕೊಂಡು ನೋಡಿದಳು. ಬೂಷ್ಟಿನ ಸುಳಿವಿಲ್ಲ. ರಸ್ತೆ ಬದಿಯ ಸಾಲುಗಳ ಎಲೆಗಳನ್ನು ನೀರು ಹೊಡೆಸಿ ತೊಳೆಸಿದಳು. ಜೋಳಕ್ಕೆ ಜಳಕ ಮಾಡಿಸುವ ಮೇಡಂ ಎಂದು ಕೂಲಿಗೆ ಬಂದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕದ್ದೇ ಲಾಭ. ಕೊನೆಗೆ ಗಾಜಿನ ಮನೆಯಲ್ಲಿ ಬೇಕೆಂದೇ ಥಂಡಿ ಹುಟ್ಟಿಸಿ ಬೆಳೆಸಿ ನೋಡಿದಳು. ಅಲ್ಲಿ ಹಾಲಗಾಳು ಎಲ್ಲ ತಳಿಗಳನ್ನೂ ಹಿಂದೆ ಹಾಕಿ ತುಂಬು ತೆನೆ ಕೊಟ್ಟಿತು. ಹೊಲಕ್ಕೆ ಬಂದರೆ ಮಾತ್ರ ಬುಡಬುಡಿಕಿ ಹೇಳಿದಷ್ಟೇ. ಅವಳಿಗೆ ತಲೆ ಕೆಟ್ಟು ಹೋಗಿತ್ತು.

ಮನೆಯಲ್ಲೂ ಈ ಮಾತು ತಪ್ಪುತ್ತಿರಲಿಲ್ಲ. ಕೇಂದ್ರಕ್ಕೆ ಅಂಟಿದಂತಿದ್ದ ಸವಳಗಟ್ಟಿ ಎಂಬ ಊರಲ್ಲಿ ಅವಳ ಮನೆ. ಗಂಡ ಚನ್ನವೀರ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ. ಅತ್ತೆ ಕಾಶೀಬಾಯಿ ಹೊಲ ಮಾಡಿಸುತ್ತಿದ್ದಳು. ಹೊಲ ಇದ್ದದ್ದು ಡಾಂಬರು ರಸ್ತೆಗೆ ಹೊಂದಿಕೊಂಡೇ. ಸೊಸೆ ಮಾಡಿದ ತಳಿ ಎಂದು ಕಾಶೀಬಾಯಿ ಅಲ್ಲಿ ಪ್ರತಿ ವರ್ಷ ಹಾಲಗಾಳನ್ನೇ ಬಿತ್ತಿಸುತ್ತಿದ್ದಳು.

“ನಮ್ಮ ಹೊಲ ನೋಡು, ಬುಡಬುಡಿಕಿ ಗೆರಿ ದಾಟಂಗಿಲ್ಲ,” ಎಂದ ಚನ್ನವೀರ, ರೊಟ್ಟಿ ಮುರಿಯುತ್ತ. “ನಾಕು ಚೀಲದ ಜಾಗಾದಾಗ ಮೂರು. ಅವ್ವಗ ಕೇಳಿದ್ರ ಹಕ್ಕಿ ತಿಂತಾವ ಅಂತಾಳ.”

“ತಿಂತಾವಪ್ಪ ಮತ್ತ. ಹಕ್ಕಿ ಪಕ್ಕಿ ತಿಂದು ಉಳದಿದ್ದು ನಮ್ಮದು,” ಎಂದಳು ಕಾಶೀಬಾಯಿ ಒಲೆಯ ಮುಂದಿನಿಂದ.

“ಹಕ್ಕಿ ಬ್ಯಾರೆ ಜ್ವಾಳ ತಿನ್ನಂಗಿಲ್ಲೇನು? ಬಾಜೂಕಿನವರ ಹೊಲದಾಗ ಸರಿಯಾಗಿ ಬಂದೈತಲ್ಲ.”

“ಆ ಜ್ವಾಳಕ್ಕ ರುಚಿ ಎಲ್ಲೈತಿ,” ಎಂದು ಕಾಶೀಬಾಯಿ ಇನ್ನೊಂದು ರೊಟ್ಟಿ ತಟ್ಟತೊಡಗಿದಳು. ಮಹಾನಂದಾ ಈ ಮಾತುಗಳನ್ನು ಕೇಳಿಯೂ ಕೇಳದಂತೆ ಬಲೆ, ಬೂಷ್ಟು, ಧೂಳು ಎಂದು ತನ್ನಲ್ಲೇ ಹೆಣೆಯುತ್ತ ಕೂತಿದ್ದಳು. ತಳಿಯನ್ನು ಉಳಿಸುವುದೋ ಬಿಡುವುದೋ ತೀರ್ಮಾನಿಸುವ ಸಮಿತಿ ಸುಗ್ಗಿ ಮುಗಿದ ಕೂಡಲೇ ಕೂಡುವುದಿತ್ತು. ಈ ಸಲವೂ ತೂಕ ಕಡಿಮೆ ಬಂದರೆ ಹಾಲಗಾಳಿನ ಕಥೆ ಮುಗಿಯಿತು.

ಎಳ್ಳ ಅಮಾವಾಸ್ಯೆ ಕಳೆದು ಥಂಡಿ ಗಟ್ಟಿಯಾಗಿ ಬಿದ್ದಿತ್ತು. ಅದೊಂದು ರವಿವಾರ ಸೀತನಿಗೆ ಬೆಂಕಿ ಹೊತ್ತಿಸಿದ್ದೇವೆ, ಬಾ ಎಂದು ಅತ್ತೆ ಹೇಳಿಕಳಿಸಿದಳು. ಹಾಲು ತುಂಬಿ ಇನ್ನೇನು ಗಟ್ಟಿಯಾಗಬೇಕು ಎನ್ನುವ ಹೊತ್ತಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಕಾಳು ಉದುರಿಸಿ ಬಿಸಿಬಿಸಿ ತಿನ್ನುವುದೇ ಸೀತನಿ. ಆ ಸೀಮೆಯಲ್ಲಿ ಚಳಿಗಾಲಕ್ಕೆ ಬೇರೆ ಹಬ್ಬ ಬೇಕಿಲ್ಲ. ಜೊತೆಗೆ ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಬೆಲ್ಲ, ಗಟ್ಟಿ ಮೊಸರು.

ಮಹಾನಂದಾ ಹೋಗುವ ಹೊತ್ತಿಗೆ ಕೆಂಡದ ಸುತ್ತ ಒಂದು ಸಣ್ಣ ಸಂತೆಯೇ ನೆರೆದಿತ್ತು. ರಸ್ತೆಯಲ್ಲಿ ಲಾರಿ ನಿಲ್ಲಿಸಿ ಅದರ ಚಾಲಕ ಬಂದು ಕೂತಿದ್ದ. ಬಳೆ ಮಾರುವವಳು ಬುಟ್ಟಿ ಇಳಿಸಿದ್ದಳು. ಯಾರದೋ ಲಗ್ನಕ್ಕೆ ಹೊರಟ ಟಂಟಂ ಗಾಡಿಯವರು ಹೊಸ ಬಟ್ಟೆಯಲ್ಲೇ ನೆಲಕ್ಕೆ ಕೂತು ಅಂಗೈ ಚಾಚಿದ್ದರು. ಕಾಶೀಬಾಯಿ ಇನ್ನೂ ರಸ್ತೆಯ ಕಡೆ ಕೈಮಾಡಿ ಕರೆಯುತ್ತಲೇ ಇದ್ದಳು. “ಬರ್ರಿ, ಬರ್ರಿ, ಎರಡು ಕಾಳು ಬಾಯಾಗ ಹಾಕ್ಕೊಂಡು ಹೋಗ್ರಿ.”

ಕೆಂಡದ ತೆನೆ ಮುಗಿದಾಗ ಕಾಶೀಬಾಯಿ ಎದ್ದು ಹೊಲಕ್ಕೆ ಇಳಿದಳು. ಮೊದಲು ಸಿಗುವುದು ಅಂಚಿಗೆ ಹಾಕಿದ ಬೇರೆ ಜೋಳದ ಸಾಲು. ಅದನ್ನು ಕಣ್ಣೆತ್ತಿಯೂ ನೋಡದೆ ದಾಟಿ, ಹಾಲಗಾಳಿನ ತೆನೆಗಳನ್ನು ಮುರಿದು ಮಡಿಲು ತುಂಬಿಕೊಂಡು ಬಂದಳು. ಥಂಡಿ ಇದ್ದ ಕಾರಣ ಕಾಳು ಇನ್ನೂ ಬಲಿತಿರಲಿಲ್ಲ, ಇನ್ನೂ ಎಷ್ಟೋ ದಿನ ಸೀತನಿಗೆ ಬರುತ್ತಿತ್ತು. ಸೆಕೆಯ ವರ್ಷ ಆಗಿದ್ದರೆ ವಾರದಲ್ಲೇ ಕಲ್ಲಾಗಿರುತ್ತಿತ್ತು. ಸೆಕೆಯಲ್ಲಿ ಕೆಂಡದ ಮುಂದೆ ಕೂರುವವರಾದರೂ ಯಾರು.

ಮಹಾನಂದಾಳ ಅಂಗೈಯಲ್ಲಿ ಬಿಸಿ ಕಾಳು ಹಾಗೇ ಉಳಿಯಿತು. ಸಿಹಿ. ಥಂಡಿ. ರಸ್ತೆ.

ಅವಳು ಲಾರಿಯನ್ನು ನೋಡಿದಳು, ಲಗ್ನದ ಗಾಡಿಯನ್ನು ನೋಡಿದಳು, ಅತ್ತೆಯ ಖಾಲಿಯಾಗುತ್ತಿದ್ದ ಮಡಿಲನ್ನು ನೋಡಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬುಡಬುಡಿಕಿ ಹೇಳಿದ್ದು ಜೋಳದ ಗುಣವನ್ನಲ್ಲ. ಮೂವತ್ತು ವರ್ಷ ಸುಗ್ಗಿಯ ತೂಕವನ್ನಷ್ಟೇ ನೋಡಿ ನೋಡಿ, ಕಣ್ಣಿಲ್ಲದ ಆ ಯಂತ್ರ ಈ ಜನ ಏನು ತಿನ್ನುತ್ತಾರೆ, ಯಾವಾಗ ತಿನ್ನುತ್ತಾರೆ, ಎಲ್ಲಿ ಕರೆದು ತಿನ್ನಿಸುತ್ತಾರೆ ಎಂಬುದನ್ನು ಕಲಿತುಬಿಟ್ಟಿತ್ತು. ಆದರೆ ತಾನು ಕಲಿತದ್ದು ಏನೆಂದು ಅದಕ್ಕೆ ಗೊತ್ತಿರಲಿಲ್ಲ. ವಂಶವಾಹಿಯ ದೋಷ ಎಂದುಕೊಂಡಿತ್ತು ಪಾಪ.

ಕೇಂದ್ರದಲ್ಲೂ ನಡೆದದ್ದು ಅದೇ ಅಲ್ಲವೇ? ಪ್ರತಿ ಚಳಿಗಾಲ ಮಧ್ಯಾಹ್ನ ಬಾವಿಯ ಹತ್ತಿರ ಎಲ್ಲರೂ ಸೀತನಿಗೆ ಕೂರುತ್ತಿದ್ದರು. ಹಕ್ಕಿಗೆಂದು ಅವಳೇ ಹಾಕಿಸಿದ ಬಲೆಯನ್ನು ನಿರ್ದೇಶಕರು ಸ್ವತಃ ಎತ್ತಿ ಹಿಡಿದು, ಒಳ್ಳೆಯ ತೆನೆ ನೋಡಿ ಮುರಿಯಿರಿ ಎಂದಿದ್ದರು. ಅವಳೂ ಅದನ್ನು ಹೊಟ್ಟೆತುಂಬ ತಿಂದು, ಸಂಜೆ ಹೋಗಿ ಇಳುವರಿ ಯಾಕೆ ಇಳಿಯಿತು ಎಂದು ತಲೆ ಕೆರೆದುಕೊಂಡಿದ್ದಳು.

“ಅತ್ತಿ, ಒಂದು ಹಂಗಾಮಿಗೆ ನಮ್ಮ ಹೊಲದಾಗ ಎಷ್ಟು ತೆನಿ ಸೀತನಿಗೆ ಹೋಗತಾವ?”

ಕಾಶೀಬಾಯಿ ಸೊಸೆಯ ಮುಖವನ್ನು ನೋಡಿದಳು. ನಾಲ್ಕು ಜನರ ಮುಂದೆ ಕೇಳಬಾರದ್ದನ್ನು ಕೇಳಿದಾಗ ನೋಡುವ ನೋಟ ಅದು. “ಹೊಲದಾಗ ತಿಂದದ್ದು ಯಾರರೆ ಎಣಸ್ತಾರೇನು?” ಎಂದು ದನಿ ತಗ್ಗಿಸಿ ಹೇಳಿದಳು.

ಅದೇ ಆಗಿತ್ತು ವಿಷಯ. ಆ ಸೀಮೆಯಲ್ಲಿ ನಿಂತ ಬೆಳೆಯಲ್ಲಿ ತಿಂದದ್ದನ್ನು ಎಣಿಸುವುದಿಲ್ಲ. ಹಾನಿ ಎಷ್ಟಾಯಿತು ಎಂದು ಸಮೀಕ್ಷೆಯವರು ಕೇಳಿದರೆ ಹಕ್ಕಿಯನ್ನು ಹೇಳುತ್ತಾರೆ, ಹಂದಿಯನ್ನು ಹೇಳುತ್ತಾರೆ. ಸೀತನಿಯ ನೆನಪೇ ಆಗುವುದಿಲ್ಲ. ಅದು ಹಾನಿಯಲ್ಲ, ಹಾಗಾಗಿ ಹೇಳಲಿಲ್ಲ. ಅದು ಫಸಲೂ ಅಲ್ಲ, ಹಾಗಾಗಿ ತೂಗಲಿಲ್ಲ. ಇದರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಮರುದಿನ ಮಹಾನಂದಾ ನಿರ್ದೇಶಕ ಗುರುಪಾದ ಕನ್ನೂರರ ಮುಂದೆ ಇದನ್ನೆಲ್ಲ ಒಪ್ಪಿಸಿದಳು. ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು.

“ಹಂಗಾದ್ರ ಯಂತ್ರ ಸುಳ್ಳು ಹೇಳಿಲ್ಲಲ್ಲ ಮೇಡಂ. ಚೀಲಕ್ಕ ಬರೂದು ಕಡಿಮಿನ.”

“ಬಾಯಿಗೆ ಹೋದದ್ದು ಬೆಳಿ ಅಲ್ಲೇನ್ರಿ ಸರ್?”

“ನನಗ ಒಪ್ಪಿಗೆ ಐತಿ. ನಾನೂ ತಿಂದೀನಲ್ಲ. ಆದರ ಸಮಿತಿ ಮುಂದ ನಾ ಏನಂತ ಹೇಳ್ಲಿ? ನಾವೆಲ್ಲಾ ತಿಂದೀವಿ ಅಂತ ಹೇಳಿದ್ರ ದಾಖಲೆ ಎಲ್ಲೈತಿ ಅಂತಾರ. ತೂಕ ಮಾಡಿ ತೋರಸ್ರಿ. ಒಂದು ತಾಕಿಗೆ ಕಾವಲು ಹಾಕ್ರಿ, ಯಾರೂ ಮುಟ್ಟಬಾರದು. ಇನ್ನೊಂದು ಬಿಟ್ಟುಬಿಡ್ರಿ. ತಿಂದದ್ದಷ್ಟೂ ತೂಗಿ ಬರಕೊಳ್ರಿ.”

ಕೇಂದ್ರದಲ್ಲಿ ಆ ವರ್ಷದ ಸೀತನಿ ಇನ್ನೂ ಶುರುವಾಗಿರಲಿಲ್ಲ. ಹಾಗೇ ಮಾಡಿದಳು. ಬಾವಿಯ ಹತ್ತಿರ ಅಕ್ಕಪಕ್ಕದಲ್ಲೇ ಇದ್ದ ಎರಡು ತಾಕುಗಳಲ್ಲಿ ಒಂದಕ್ಕೆ ಕಾವಲು ಹಾಕಿ, ತೆರೆದ ತಾಕಿನ ಬದಿಗೆ ಒಂದು ತಕ್ಕಡಿ ನಿಲ್ಲಿಸಿದರು. ಅಗಲವಾದ ಸ್ಟೀಲಿನ ತಟ್ಟೆ, ಕೆಳಗೆ ಪೆಟ್ಟಿಗೆ, ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಸಣ್ಣ ಹಲಗೆ. ತಟ್ಟೆಯಲ್ಲಿ ಏನಿಟ್ಟರೂ ಅದರ ತೂಕ ನೇರ ಬುಡಬುಡಿಕಿಗೆ ಹೋಗುತ್ತಿತ್ತು. ‘ತೆನೆಗಳನ್ನು ತೂಗಿ ಸುಡತಕ್ಕದ್ದು’ ಎಂದು ಫಲಕವೂ ಬಂತು. ಕುಳ್ಳು ಇತ್ತು, ಹಿಂಡಿ ಇತ್ತು, ಮೊಸರು ಇತ್ತು.

ಯಾರೂ ಬರಲಿಲ್ಲ. ಪ್ರತಿ ವರ್ಷ ಕರೆಯದೆ ಬರುತ್ತಿದ್ದವರು ದೂರದ ಬೇವಿನ ನೆರಳಲ್ಲಿ ಕೂತು, ಈಗ ತಾನೇ ಉಂಡಿದ್ದೇವೆ ಎಂದರು. ನಿರ್ದೇಶಕರು ಒಂದು ದಿನ ಬಂದು, ತಕ್ಕಡಿಯ ಸುತ್ತ ಒಂದು ಸುತ್ತು ಹಾಕಿ, ಯಾಕೋ ಪಿತ್ತ ಆಗಿದೆ ಎಂದು ಹೊರಟುಹೋದರು. ಫರ್ಜಾನಾ ಒಂದು ತೆನೆ ಮುರಿದಳು, ತಟ್ಟೆಯ ಮೇಲಿಟ್ಟಳು, ಅಂಕಿ ಮೂಡಿದ್ದನ್ನು ಕಂಡು ನಾಚಿ ಕೈ ಹಿಂದೆ ತೆಗೆದುಕೊಂಡಳು. ಮಹಾನಂದಾ ತಾನೇ ಒಂದಿಷ್ಟು ಸುಟ್ಟುಕೊಂಡು ತಿನ್ನಲು ನೋಡಿದಳು. ಒಬ್ಬಳೇ ಕೂತು ತಿಂದರೆ ಅದು ಸೀತನಿಯೇ ಅಲ್ಲ, ಸುಟ್ಟ ಜೋಳ. ಎರಡು ಹಿಡಿ ಒಳಗೆ ಹೋಗಲಿಲ್ಲ.

ಸುಗ್ಗಿಯಲ್ಲಿ ಎರಡೂ ತಾಕುಗಳ ತೂಕ ಒಂದೇ ಬಂತು, ಎರಡೂ ಭರ್ತಿ. ತಿಂದದ್ದಕ್ಕೆ ಲೆಕ್ಕ ಸಿಗಲಿಲ್ಲ, ಏಕೆಂದರೆ ತಿಂದೇ ಇರಲಿಲ್ಲ. ಹೊರಗಿನ ರೈತರ ಹೊಲಗಳಲ್ಲಿ ಮಾತ್ರ ಹಿಂದಿನಂತೆಯೇ ಕಡಿಮೆ. ಬುಡಬುಡಿಕಿಯ ಮಾತು ಮೊದಲ ಸಲ ಸುಳ್ಳಾಗಿತ್ತು, ಅದೂ ಕೇಂದ್ರದ ಬಾವಿಯ ಬದಿಯ ಒಂದೇ ಜಾಗದಲ್ಲಿ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಾನಂದಾ ಎದ್ದು ನಿಂತು, ತಕ್ಕಡಿ ಇಟ್ಟಿದ್ದರಿಂದ ಜನ ತಿನ್ನಲಿಲ್ಲ, ಅದೇ ನನ್ನ ಸಾಕ್ಷಿ ಎಂದಾಗ, ತಿನ್ನದೇ ಇದ್ದದ್ದು ತಿಂದದ್ದಕ್ಕೆ ಸಾಕ್ಷಿ ಹೇಗಾಗುತ್ತದೆ ತಾಯಿ ಎಂದು ಹಿರಿಯ ಸದಸ್ಯರೊಬ್ಬರು ಮೆತ್ತಗೆ ಕೇಳಿದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಕಾರಣ ತಿಳಿದುಬಂದಿಲ್ಲ ಎಂದು ನಡಾವಳಿಯಲ್ಲಿ ಬರೆದು, ಹಾಲಗಾಳಿಗೆ ಇನ್ನು ಒಂದೇ ಒಂದು ವರ್ಷ ಅವಕಾಶ ಕೊಟ್ಟು ಎದ್ದರು.

ಬೇಸಿಗೆ ಕಳೆದು ಮುಂಗಾರು ಬಂದು ಹೋಗುವ ಹೊತ್ತಿಗೆ ಬುಡಬುಡಿಕಿ ಈ ಹೊಸ ಅನುಭವವನ್ನೂ ಅರಗಿಸಿಕೊಂಡಿತು. ಒಂದು ಬೆಳಿಗ್ಗೆ ಫರ್ಜಾನಾ ಓಡುತ್ತಲೇ ಬಂದಳು.

“ಮೇಡಂ, ಹೊಸಾ ಸಲಹೆ ಕೊಟ್ಟೈತ್ರಿ. ನಗಬ್ಯಾಡ್ರಿ ಮತ್ತ.”

“ಏನಂತ?”

“ಹೊಲದಾಗ ತಕ್ಕಡಿ ಇಟ್ರ ಹಾಲಗಾಳು ಇಳುವರಿ ಹೆಚ್ಚಾಗತೈತಂತ್ರಿ. ರಸ್ತೆ ಬಾಜೂಕಿನ ಎಲ್ಲಾ ಹೊಲಕ್ಕೂ ಒಂದೊಂದು ತಕ್ಕಡಿ ಇಡ್ರಿ ಅಂತೈತಿ.”

ಮಹಾನಂದಾ ನಗಲಿಲ್ಲ. ಯಂತ್ರದ ತರ್ಕದಲ್ಲಿ ಒಂದು ಎಳೆಯೂ ತಪ್ಪಿಲ್ಲ ಎಂಬುದೇ ಅವಳನ್ನು ಹೆದರಿಸಿತು. ತಕ್ಕಡಿ ಇದ್ದ ಕಡೆ ಬೆಳೆ ಹೆಚ್ಚು ಬಂದದ್ದು ನಿಜ. ಮೇಲಿನ ಕಚೇರಿಯವರಿಗೆ ಅವಳು ಎಷ್ಟು ತಿಳಿಸಿ ಹೇಳಿದರೂ ಪ್ರಯೋಜನವಾಗಲಿಲ್ಲ. ಅಷ್ಟು ವರ್ಷ ನಿಜ ಹೇಳಿದ ಯಂತ್ರವನ್ನು ಬಿಟ್ಟು ಹೆಣ್ಣುಮಗಳೊಬ್ಬಳ ಸೀತನಿಯ ಕಥೆ ನಂಬುವ ಧೈರ್ಯ ಯಾರಿಗಿತ್ತು. ಹಿಂಗಾರಿ ಬಿತ್ತನೆ ಮುಗಿಯುವುದರೊಳಗೆ ಡೋಣಿ ಸೀಮೆಯ ರಸ್ತೆ ಬದಿಯ ಹೊಲಗಳಿಗೆ ಲಾರಿಗಟ್ಟಲೆ ತಕ್ಕಡಿ ಬಂದವು.

ರೈತರಿಗೆ ಇದು ಏನೆಂದೇ ಅರ್ಥವಾಗಲಿಲ್ಲ. ಬೆಳೆಗೆ ಕರೆಂಟು ಹಾಯಿಸುವ ಯಂತ್ರ ಎಂದರು ಕೆಲವರು, ಹೊಲ ಕಾಯುವ ಕ್ಯಾಮರಾ ಎಂದರು ಕೆಲವರು. ಒಬ್ಬ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ. ತಿಳಿದವರು ಮಾತ್ರ, ಯಾರು ಎಷ್ಟು ತಿಂದರು ಎಂದು ಸರಕಾರ ತೂಗುತ್ತದಂತೆ ಎಂದು ಪಿಸುಗುಟ್ಟಿದರು. ಥಂಡಿ ಬಿತ್ತು, ಕಾಳಲ್ಲಿ ಹಾಲು ತುಂಬಿತು. ಮಹಾನಂದಾ ಸ್ಕೂಟರ್ ಮೇಲೆ ರಸ್ತೆಯುದ್ದಕ್ಕೂ ಹೋಗಿ ನೋಡಿ ಬಂದಳು. ಎಷ್ಟೋ ಹೊಲಗಳಲ್ಲಿ ಹೊಗೆ ಏಳುತ್ತಿರಲಿಲ್ಲ. ತಕ್ಕಡಿಗಳು ಬಿಸಿಲಿಗೆ ಹೊಳೆಯುತ್ತ ನಿಂತಿದ್ದವು. ಹಾದಿಹೋಕರು ಅತ್ತ ನೋಡಿ, ಮುಖ ತಿರುಗಿಸಿ ಮುಂದೆ ಹೋಗುತ್ತಿದ್ದರು. ಈ ವರ್ಷ ಹಾಲಗಾಳಿನ ತೂಕ ಖಂಡಿತ ಹೆಚ್ಚುತ್ತದೆ, ತಳಿ ಉಳಿಯುತ್ತದೆ ಎಂದು ಅವಳಿಗೆ ಅನಿಸಿತು. ಆದರೆ ಅದರಿಂದ ಖುಷಿಯಾಗಲಿಲ್ಲ. ಎಳೆಗಾಳು ಸಿಹಿ ಇರಲಿ ಎಂದೇ ಅಲ್ಲವೇ ಅಷ್ಟು ವರ್ಷ ಕಷ್ಟಪಟ್ಟದ್ದು? ತಿನ್ನುವವರೇ ಇಲ್ಲದಿದ್ದರೆ ಆ ತಳಿ ಉಳಿದರೆಷ್ಟು, ಬಿಟ್ಟರೆಷ್ಟು?

ತಮ್ಮ ಹೊಲದ ಹತ್ತಿರ ಬಂದಾಗ ಅವಳು ಸ್ಕೂಟರ್ ನಿಲ್ಲಿಸಿದಳು. ಅಲ್ಲಿ ಹೊಗೆ ಏಳುತ್ತಿತ್ತು.

ಕೆಂಡದ ಸುತ್ತ ಮಂದಿ ಎಂದಿನಂತೆಯೇ ಕೂತಿದ್ದರು. ರಸ್ತೆ ಬದಿಗೆ ಒಂದು ಬಸ್ಸೇ ನಿಂತಿತ್ತು, ಕಂಡಕ್ಟರ್ ಸಹಿತ ಅರ್ಧ ಬಸ್ಸು ಕೆಳಗಿಳಿದಿತ್ತು. ನಡುವೆ ಸರಕಾರದ ತಕ್ಕಡಿ. ಕಾಶೀಬಾಯಿ ಕೆಂಡದಿಂದ ತೆಗೆದ ತೆನೆಗಳನ್ನು ಬಡಿದು, ತೂರಿ, ಕಾಳನ್ನು ಆ ಸ್ಟೀಲಿನ ತಟ್ಟೆಗೆ ಸುರಿಯುತ್ತಿದ್ದಳು. ಸುರಿದದ್ದೇ ತಡ ಎಂಟು ದಿಕ್ಕಿನಿಂದ ಕೈಗಳು ಬಂದು ಖಾಲಿ ಮಾಡುತ್ತಿದ್ದವು. ತಟ್ಟೆಯ ಮೂಲೆಯಲ್ಲಿ ಶೇಂಗಾ ಹಿಂಡಿಯ ಬಟ್ಟಲು.

“ಅತ್ತಿ, ಇದು…” ಎಂದಳು ಮಹಾನಂದಾ.

“ಚಲೋ ತಾಟು ಕಳಿಸ್ಯಾರವಾ ನಿಮ್ಮವರು. ಎತ್ತರಕ್ಕೈತಿ, ಮಣ್ಣು ಸಿಡಿಯಂಗಿಲ್ಲ, ನಾಯಿ ಬಾಯಿ ಹಾಕಂಗಿಲ್ಲ,” ಎಂದಳು ಕಾಶೀಬಾಯಿ. “ಇಷ್ಟು ವರ್ಷ ಗೋಣಿತಟ್ಟಿನ ಮ್ಯಾಲ ಹಾಕಿ ಕೊಡತಿದ್ವಿ. ಕುಂಡರು, ನಿಂತಽ ಏನು ನೋಡತಿ?”

ಮಹಾನಂದಾ ಏನೋ ಹೇಳಲು ಬಾಯಿ ತೆರೆದಳು. ಅದು ತಕ್ಕಡಿ ಎಂದು ಒಂದು ಮಾತು ಆಡಿದರೆ ಸಾಕು, ಅಲ್ಲಿದ್ದ ಕೈಗಳೆಲ್ಲ ಹಿಂದೆ ಸರಿಯುತ್ತಿದ್ದವು. ತೆರೆದ ಬಾಯಿಯನ್ನು ಹಾಗೇ ಮುಚ್ಚಿ ಕೂತಳು. ಅತ್ತೆಗೆ ಅದು ಏನೆಂದು ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೂ ತಟ್ಟೆ ಮಾಡಿಕೊಂಡಳೋ, ಆ ಮುಖ ನೋಡಿ ಹೇಳುವುದು ಸಾಧ್ಯವಿರಲಿಲ್ಲ.

ಫೋನು ಬಂತು. ಫರ್ಜಾನಾ.

“ಮೇಡಂ, ನಿಮ್ಮ ಹೊಲದ ತಕ್ಕಡಿಗೆ ಏನರೆ ಆಗೈತೇನ್ರಿ? ಮುಂಜಾನಿಂದ ತೂಕ ಏರತೈತಿ, ಇಳೀತೈತಿ, ಮತ್ತ ಏರತೈತಿ. ನಡುನಡುವ ಒಂದು ಸಣ್ಣ ತೂಕ ಬ್ಯಾರೆ ಹೋಗಿ ಬಂದು ಮಾಡತೈತಿ.”

“ಅದು ಹಿಂಡಿ ಬಟ್ಟಲ ಇರಬೇಕು.”

“ಏನ್ರಿ?”

“ಏನಿಲ್ಲ. ನಿನ್ನೀದೂ ಹಿಂಗ ಐತೇನು?”

“ನಿನ್ನೆ, ಮೊನ್ನೆ, ಎಂಟು ದಿನದ್ದೂ ಹಂಗ ಐತ್ರಿ. ಬ್ಯಾರೆ ಹೊಲದ್ದು ಎಲ್ಲಾ ಸಪಾಟ ಐತಿ. ಕೆಟ್ಟೈತಿ ಅಂತ ತಗದು ಹಾಕೂದ್ರಾಗಿದ್ದೆ. ಸುಮ್ಮ ಒಂದ್ಸಲ ಇಳದದ್ದೆಲ್ಲಾ ಕೂಡಿಸಿ ನೋಡಿದೆ.” ಫರ್ಜಾನಾಳ ದನಿ ಸಣ್ಣದಾಯಿತು. “ಹಿಂದಿನ ವರ್ಷ ನಿಮ್ಮ ಹೊಲದಾಗ ಕಡಿಮಿ ಬಿದ್ದದ್ದನ್ನ ಸೀತನಿ ದಿನಗಳಿಗೆ ಹಂಚಿದ್ರ ದಿನಕ್ಕ ಎಷ್ಟಾಗತೈತೋ ಅಷ್ಟಽ ಬರತೈತ್ರಿ ಮೇಡಂ. ಹಿಂಗಽ ಹಂಗಾಮ ಮುಗಿಯೂತನಾ ಬಂದು, ಅದನ್ನ ಚೀಲದ ತೂಕಕ್ಕ ಕೂಡಿಸಿದ್ರ ಹಾಲಗಾಳಿನ ಮುಂದ ಯಾವ ತಳೀನೂ ನಿಲ್ಲಂಗಿಲ್ಲ. ಆದರ ಇದನ್ನ ಯಾವ ಕಾಲಂನ್ಯಾಗ ಹಾಕ್ಲಿ? ಹಾನಿ ಅಂತ ಬರೀಲೇನು?”

ಮಹಾನಂದಾ ತಟ್ಟೆಯ ಕಡೆ ನೋಡಿದಳು. ಬಸ್ಸಿನಿಂದ ಇಳಿದ ಮುದುಕರೊಬ್ಬರು ಬೊಚ್ಚು ಬಾಯಲ್ಲಿ ಕಾಳು ಆಡಿಸುತ್ತ ಕಣ್ಣು ಮುಚ್ಚಿದ್ದರು. ಎಷ್ಟೋ ತಿಂಗಳಿಂದ ತಲೆಯಲ್ಲಿ ಸುತ್ತುತ್ತಿದ್ದ ಮಂಜು ಪೂರ್ತಿ ತಿಳಿಯಾಗಲಿಲ್ಲ. ಎಣಿಸಬಾರದ್ದು ಈಗ ಎಣಿಕೆಗೆ ಬಂದಿತ್ತು, ಅದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಗೊತ್ತಿರಲಿಲ್ಲ. ಒಂದು ಮಾತು ಮಾತ್ರ ಗೊತ್ತಿತ್ತು.

“ಹಾನಿ ಅಲ್ಲವಾ. ಇಳುವರಿ ಅಂತ ಬರಿ,” ಎಂದಳು.

ಕಾಶೀಬಾಯಿ ಹೊಸ ಕಾಳನ್ನು ತಟ್ಟೆಗೆ ಸುರಿದಳು. “ಯಾರದು ಫೋನು?”

“ಬುಡಬುಡಿಕೀದು, ಅತ್ತಿ. ಇಲ್ಲಿ ಏನು ನಡದೈತಿ ಅಂತ ಕೇಳಾಕತ್ತೈತಿ.”

“ದೂರ ನಿಂತು ಯಾಕ ಕೇಳಬೇಕು,” ಎಂದಳು ಕಾಶೀಬಾಯಿ, ಸೊಸೆಯ ಅಂಗೈಗೆ ಒಂದು ಹಿಡಿ ಬಿಸಿ ಕಾಳು ಹಾಕುತ್ತ. “ಅದಕ್ಕೂ ಬಾ ಅನ್ನು. ಎರಡು ಕಾಳು ತಿಂದು ಹೋಗಲಿ.”